ಮನೆಯಲ್ಲೇ ಓದಿಸುವಿರಾ? ಬಾಗಿಲು ತೆರೆದಿರಲಿ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, 'ಮಗಳನ್ನ ಸ್ಕೂಲಿಗೆ ಕಳಿಸೋದಿಲ್ಲ, ಮನೇಲೇ ಓದಿಸ್ತೀವಿ' ಎನ್ನುವವರಿಗೆ ಒಂದೆರಡು ಮಾತು.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ, ಮನೆಶಾಲೆಯ ಹೆಸರೆತ್ತುವುದಿಲ್ಲ. ಬಿಇಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು.

ನನ್ನ ಚಿಂತೆ ಪಾಠದ್ದಲ್ಲ. ಶಾಲೆಗೆ ಹೋಗುವ ಮಗುವಿನ ತೋಳಿನ ಬಾಸುಂಡೆ ಟೀಚರ್ ಕಣ್ಣಿಗೆ ಬೀಳುತ್ತದೆ. ಎರಡು ದಿನ ತಟ್ಟೆ ಮುಟ್ಟದಿದ್ದರೆ ಬಿಸಿಯೂಟ ಬಡಿಸುವ ಅಕ್ಕ 'ಯಾಕವ್ವಾ, ಮೈ ಹುಷಾರಿಲ್ಲೇನು?' ಅನ್ನುತ್ತಾಳೆ. ಮನೆಯಲ್ಲಿ ಈ ಹೊರಗಿನ ಕಣ್ಣುಗಳಿಲ್ಲ. ಮಕ್ಕಳನ್ನು ಪೀಡಿಸುವವರೋ, ಹೆಚ್ಚಾಗಿ ಗುರುತಿನವರೇ.

ಹಾಗಾಗಿ ಪಾಠಕ್ಕೆ ಬರುವ ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ಪಾಠ ಪಡಸಾಲೆಯಲ್ಲೇ, ಬಾಗಿಲು ತೆರೆದೇ ನಡೆಯಲಿ. ಅವರಿಗೆ ಬೇಜಾರಾದರೆ ಆಗಲಿ ಬಿಡಿ. ಮೊಬೈಲ್ ಕ್ಲಾಸೂ ಅಷ್ಟೇ, ಒಳಕೋಣೆ ಬೇಡ. ಸಂಜೆ ಗ್ರಂಥಾಲಯ, ಮೈದಾನ, ಹರಿಹರೇಶ್ವರನ ಗುಡಿಯ ಅಂಗಳ, ಎಲ್ಲಾದರೂ ಮಗು ಓರಗೆಯವರ ಜೊತೆ ಬೆರೆಯಲಿ. ನೀವಿಲ್ಲದಾಗ ಅಜ್ಜಿಯೋ ಚಿಕ್ಕಮ್ಮನೋ ಅದನ್ನು ಮಾತಾಡಿಸಲಿ. ನಿಮ್ಮ ಮೇಲಿನ ದೂರೂ ಇರಬಹುದಲ್ಲ!

1098 ಮಕ್ಕಳ ಸಹಾಯವಾಣಿ. ಮಗುವಿಗೆ ಬಾಯಿಪಾಠ ಮಾಡಿಸಿ. ಅಕ್ಕಪಕ್ಕದವರೇ, ಅನುಮಾನ ಬಂದರೆ ನೀವೂ ಕರೆ ಮಾಡಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ದೂರು ಕೊಡದಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಅದೂ ಅಪರಾಧ. ಹರಿಹರದವರು ಸಹಾಯಕ್ಕಾಗಿ ದಾವಣಗೆರೆಗೆ ಅಲೆಯಬೇಕಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.