ಓರೆ ಬೆಳಕಲ್ಲಿ ಕಂಡ ಗೀರು

ಪೀಣ್ಯದ ನಮ್ಮ ಘಟಕದಲ್ಲಿ ಪಂಪುಗಳಿಗೆ ಬೇಕಾದ ಹಿತ್ತಾಳೆ ಬುಷ್ ಮಾಡುತ್ತೇವೆ. ಗೀರು ಬಿದ್ದ ಕೆಲವು ಬುಷ್‌ಗಳಿಂದಾಗಿ ಇಡೀ ಲಾಟ್ ಎರಡು ಸಲ ವಾಪಸ್ ಬಂದಿತು. ಆಗ ತಪಾಸಣೆಗೆ ಕ್ಯಾಮೆರಾ ಹಾಕಿಸಲು ತೀರ್ಮಾನಿಸಿದೆವು. ಕೊಂಡದ್ದು 29 ಮಿ.ಮೀ. ಅಗಲ, ಅಷ್ಟೇ ಎತ್ತರದ ಪುಟ್ಟ ಡಬ್ಬಿ. 5 ಮೆಗಾಪಿಕ್ಸೆಲ್, ಕಪ್ಪು-ಬಿಳುಪು, ಗ್ಲೋಬಲ್ ಶಟರ್. ಚಿತ್ರವೂ ವಿದ್ಯುತ್ತೂ ಒಂದೇ ಈಥರ್ನೆಟ್ ಕೇಬಲ್‌ನಲ್ಲಿ ಹರಿಯುತ್ತವೆ. ಇದ್ದ ಹಣವೆಲ್ಲ ಕ್ಯಾಮೆರಾಕ್ಕೂ ಲೆನ್ಸಿಗೂ ಹೋಯಿತು. ಬೆಳಕಿಗೆಂದು ಮೇಲೊಂದು ಸಾಧಾರಣ ಎಲ್‌ಇಡಿ ದೀಪ ಕಟ್ಟಿದೆ. ತಪ್ಪಿದ್ದು ಅಲ್ಲೇ.

ಹೊಳೆಯುವ ಹಿತ್ತಾಳೆ ಆ ಬೆಳಕನ್ನೆಲ್ಲ ನೇರವಾಗಿ ಲೆನ್ಸಿಗೇ ಹಿಂತಿರುಗಿಸುತ್ತಿತ್ತು. ಬಿಳಿ ಪ್ರಭೆಯಲ್ಲಿ ಗೀರು ಮುಳುಗಿಹೋಗುತ್ತಿತ್ತು. ಮೂರು ವಾರ ತಂತ್ರಾಂಶದ ಜೊತೆ ಗುದ್ದಾಡಿದೆ. ಗೀರಿನ ಬುಷ್ ಪಾಸಾಗುತ್ತಲೇ ಇತ್ತು, ಒಳ್ಳೆಯದು ರಿಜೆಕ್ಟ್ ಆಗುತ್ತಲೇ ಇತ್ತು.

ಕೊನೆಗೆ, ವರ್ಷಗಳಿಂದ ಕಣ್ಣಲ್ಲೇ ತಪಾಸಣೆ ಮಾಡುತ್ತಿದ್ದ ಅಕ್ಕನ ಮೇಜಿನ ಬಳಿ ಹೋಗಿ ಕೂತೆ. “ನಿಮಗೆ ಹೇಗಕ್ಕ ಕಾಣುತ್ತೆ?” ಎಂದೆ. “ನೇರ ಹಿಡಿದ್ರೆ ಬರೀ ಹೊಳಪೇ ಸಾರ್. ಹೀಗೆ ಓರೆ ಮಾಡಿ. ಬೆಳಕು ಪಕ್ಕದಿಂದ ಬಿದ್ರೆ ಗೀರು ತಾನಾಗೇ ಮಿಂಚುತ್ತೆ” ಎಂದು ಟ್ಯೂಬ್‌ಲೈಟಿನ ಕೆಳಗೆ ಬುಷ್ ತಿರುಗಿಸಿ ತೋರಿಸಿದರು.

ಮರುದಿನವೇ ಮೇಲಿನ ದೀಪ ತೆಗೆಸಿ, ಬುಷ್‌ನ ಮಟ್ಟಕ್ಕೇ ಕೆಂಪು ಎಲ್‌ಇಡಿಯ ಉಂಗುರ ಕೂರಿಸಿದೆವು. ಬೆಳಕು ಬದಿಯಿಂದ ಸವರಿಕೊಂಡು ಹೋದರೆ ನುಣುಪಾದ ಮೈ ಅದನ್ನು ಆಚೆಗೆ ಚಿಮ್ಮಿಸುತ್ತದೆ, ಲೆನ್ಸಿಗೆ ಕಪ್ಪಾಗಿ ಕಾಣುತ್ತದೆ. ಗೀರಿನ ಅಂಚು ಮಾತ್ರ ಬೆಳಕನ್ನು ಮೇಲಕ್ಕೆ ಚದುರಿಸುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಂತೆ ಗೀರು ಎದ್ದು ನಿಂತಾಗ ನನಗಾದ ಸಂತೋಷ ಇವತ್ತಿಗೂ ಹಸಿರಾಗಿದೆ.

ವೇಗದ ಲೆಕ್ಕವೂ ತಪ್ಪಿತ್ತು. ಬುಷ್‌ಗಳನ್ನು ಕ್ಯಾಮೆರಾದ ಕೆಳಗೆ ಸಾಗಿಸುವ ಬೆಲ್ಟ್ ಸೆಕೆಂಡಿಗೆ 300 ಮಿ.ಮೀ. ಓಡುತ್ತದೆ. ನಾನಿಟ್ಟಿದ್ದ ಎಕ್ಸ್‌ಪೋಶರ್ 5 ಮಿಲಿಸೆಕೆಂಡ್. ಅಷ್ಟರಲ್ಲಿ ಬುಷ್ ಒಂದೂವರೆ ಮಿ.ಮೀ. ಸರಿದು ಚಿತ್ರ ಕಲಸಿಹೋಗುತ್ತಿತ್ತು. ಎಕ್ಸ್‌ಪೋಶರನ್ನು 100 ಮೈಕ್ರೊಸೆಕೆಂಡಿಗೆ ಇಳಿಸಿದ ಮೇಲೆ ಸರಿತ 0.03 ಮಿ.ಮೀ.ಗೆ ಬಂತು. ಕ್ಯಾಮೆರಾಕ್ಕೆ ಕಾಣುವ 60 ಮಿ.ಮೀ. ಅಗಲವನ್ನು 2448 ಪಿಕ್ಸೆಲ್‌ಗಳಿಗೆ ಹಂಚಿದರೆ ಅದು ಹೆಚ್ಚುಕಮ್ಮಿ ಒಂದು ಪಿಕ್ಸೆಲ್. ಅಷ್ಟು ಕಿರಿದಾದ ಕ್ಷಣಕ್ಕೆ ಸಾಕಾಗುವ ಬೆಳಕು ಬೇಕಲ್ಲ? ಶಟರ್ ತೆರೆದಾಗ ಮಾತ್ರ ದೀಪವನ್ನು ಜೋರಾಗಿ ಮಿಂಚಿಸುವ ಸ್ಟ್ರೋಬ್ ಕಂಟ್ರೋಲರ್ ತರಿಸಬೇಕಾಯಿತು.

ಇಷ್ಟಾದರೂ ಮಧ್ಯಾಹ್ನ ಮೂರರ ಹೊತ್ತಿಗೆ ರಿಜೆಕ್ಟ್ ಏರುತ್ತಿತ್ತು. ಚಾವಣಿಯ ಫೈಬರ್ ಶೀಟಿನಿಂದ ಬಿಸಿಲು ನೇರ ಬೆಲ್ಟಿಗೆ ಬೀಳುತ್ತಿತ್ತು. ತಗಡಿನ ಗೂಡು ಕಟ್ಟಿ, ಕೆಂಪು ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿದೆವು.

ಈಗ ಆ ಗೂಡಿನ ಉಸ್ತುವಾರಿ ಅದೇ ಅಕ್ಕನದು. ಪ್ರತಿ ಶಿಫ್ಟಿನ ಆರಂಭದಲ್ಲಿ, ತಾವೇ ಆರಿಸಿಟ್ಟ ಐದು ಗೀರಿನ ಬುಷ್‌ಗಳನ್ನು ಬೆಲ್ಟಿನ ಮೇಲೆ ಬಿಡುತ್ತಾರೆ. ಐದನ್ನೂ ಕ್ಯಾಮೆರಾ ಹಿಡಿದ ಮೇಲೆಯೇ ಲೈನ್ ಶುರುವಾಗುತ್ತದೆ.