ಮಗಳಿಗೆ ಮೊದಲೇ ಹೇಳಿರಿ

ಹನ್ನೆರಡು ವರ್ಷದ ಹುಡುಗಿಯೊಬ್ಬಳು ಶಾಲೆಯಲ್ಲಿದ್ದಾಳೆ ಎಂದುಕೊಳ್ಳಿ. ಲಂಗದ ಮೇಲೆ ರಕ್ತದ ಕಲೆ ಕಾಣುತ್ತದೆ. ಅವಳಿಗೆ ಯಾರೂ ಏನೂ ಹೇಳಿಲ್ಲ. ದೊಡ್ಡ ರೋಗ ಬಂತೆಂದು ಹೆದರಿ ಅಳುತ್ತಾಳೆ. ನಾಳೆಯಿಂದ ಶಾಲೆಗೆ ಹೋಗಲಾರೆ ಎನ್ನುತ್ತಾಳೆ. ಈ ಹೆದರಿಕೆಗೆ ಕಾರಣ ಮುಟ್ಟಲ್ಲ, ಮನೆಯವರ ಮೌನ.

ಹೆಣ್ಣುಮಕ್ಕಳು ಸಾಮಾನ್ಯವಾಗಿ ೧೦ರಿಂದ ೧೫ ವರ್ಷದೊಳಗೆ ಮೈನೆರೆಯುತ್ತಾರೆ. ಎದೆ ಮೂಡಲಾರಂಭಿಸಿದ ಎರಡು ಮೂರು ವರ್ಷಗಳಲ್ಲಿ ಮುಟ್ಟು ಬರುವುದು. ಆದುದರಿಂದ ಎದೆ ಮೂಡುವುದನ್ನು ಕಂಡಾಗಲೇ ತಾಯಿ ಮಾತು ತೆಗೆಯಬೇಕು.

ಹೇಗೆ ಹೇಳುವುದು? ತಲೆ ಬಾಚುವಾಗಲೋ ಸೊಪ್ಪು ಬಿಡಿಸುವಾಗಲೋ ಹೇಳಿರಿ: “ನೋಡವ್ವ, ಮಗು ಬೆಳೆಯಲು ಹೊಟ್ಟೆಯೊಳಗೆ ಗರ್ಭಕೋಶವಿದೆ. ತಿಂಗಳಿಗೊಮ್ಮೆ ಅದರೊಳಗೆ ಮೆತ್ತನೆಯ ಪದರ ಕಟ್ಟುತ್ತದೆ. ಬಸಿರಿಲ್ಲದಾಗ ಅದು ರಕ್ತದೊಡನೆ ಹೊರಬರುತ್ತದೆ. ನನಗೂ ಹೀಗೇ ಆಯಿತು. ಇದು ರೋಗವಲ್ಲ, ಮೈಲಿಗೆಯೂ ಅಲ್ಲ. ಕಂಡಕೂಡಲೇ ನನಗೆ ಹೇಳು.”

ಮುಟ್ಟು ೨ರಿಂದ ೭ ದಿನ ಇರುತ್ತದೆ. ಮೊದಲ ಒಂದೆರಡು ವರ್ಷ ತಿಂಗಳು ತಪ್ಪುವುದುಂಟು. ಬಟ್ಟೆಯಾಗಲಿ ಪ್ಯಾಡಾಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯನ್ನು ಸೋಪು ಹಾಕಿ ಒಗೆದು, ಮೂಲೆಯಲ್ಲಿ ಅಡಗಿಸದೆ, ಬಿಸಿಲಿನಲ್ಲಿ ಒಣಗಿಸಬೇಕು. ಸ್ನಾನ, ಊಟ, ಶಾಲೆ ಯಾವುದನ್ನೂ ಬಿಡಬೇಕಾಗಿಲ್ಲ. ರಕ್ತ ೭ ದಿನ ಮೀರಿ ಹೋದರೆ, ಗಂಟೆಗೊಂದು ಬಟ್ಟೆ ತೊಯ್ದರೆ, ಅಥವಾ ೧೫ ವರ್ಷ ತುಂಬಿದರೂ ಮುಟ್ಟು ಬಾರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಇನ್ನು ಮುಂದೆ ಗಂಡಿನ ಕೂಟದಿಂದ ಬಸಿರಾಗಬಹುದೆಂಬುದನ್ನೂ ಮಗಳಿಂದ ಮರೆಮಾಚಬಾರದು. ಆದರೆ ಮೈನೆರೆದೊಡನೆ ಮದುವೆಗೆ ಬಂದಳೆಂಬುದು ತಪ್ಪು. ಅವಳ ದೇಹ ಇನ್ನೂ ಬೆಳೆಯುತ್ತಿದೆ. ೧೮ ತುಂಬದ ಹುಡುಗಿಯ ಮದುವೆಯನ್ನು ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆ ತಡೆಯುತ್ತದೆ.

ಗಂಡುಮಕ್ಕಳಿಗೆ ಹೇಳುವುದು ತಂದೆಯ ಕೆಲಸ. ಹೊಲಕ್ಕೆ ಹೋಗುವ ದಾರಿಯೇ ಸಾಕು. ಈ ವಯಸ್ಸಿನಲ್ಲಿ ಧ್ವನಿ ಒಡೆಯುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುವುದುಂಟು. ಅದರಿಂದ ಶಕ್ತಿ ಕುಂದುವುದಿಲ್ಲ, ಔಷಧಿಯೂ ಬೇಡ ಎಂದು ತಿಳಿಸಬೇಕು. ಮುಟ್ಟಾದ ಅಕ್ಕತಂಗಿಯರನ್ನಾಗಲಿ ಸಹಪಾಠಿಗಳನ್ನಾಗಲಿ ಹಂಗಿಸಬಾರದೆಂದೂ ಕಲಿಸಬೇಕು.

ನೆಂಟರಾಗಲಿ ಪರರಾಗಲಿ, ಯಾರಾದರೂ ಕೆಟ್ಟದಾಗಿ ಮೈಮುಟ್ಟಿದರೆ ಅದು ಮಗುವಿನ ತಪ್ಪಲ್ಲ. ಬಂದು ಹೇಳಿದರೆ ಬೈಯುವುದಿಲ್ಲವೆಂದು ಮಕ್ಕಳಿಗೆ ಮಾತು ಕೊಡಿರಿ. ಇಂಥ ಸಮಯದಲ್ಲಿ ೧೦೯೮ಕ್ಕೆ ಕರೆ ಮಾಡಿದರೆ ಸಹಾಯ ದೊರೆಯುತ್ತದೆ.

ಮಗು ಪ್ರಶ್ನೆ ಕೇಳಿದಾಗ ಗದರಿಸಬೇಡಿರಿ. ಉತ್ತರ ತಿಳಿಯದಿದ್ದರೆ “ಕೇಳಿ ಬಂದು ಹೇಳುತ್ತೇನೆ” ಎನ್ನಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದು, ಮರೆಯದೆ ಹೇಳಿರಿ. ಒಮ್ಮೆ ಗದರಿಸಿಕೊಂಡ ಮಗು ಮತ್ತೊಮ್ಮೆ ಕೇಳಲು ನಿಮ್ಮ ಬಳಿಗೆ ಬಾರದು.