ಗೋಡೆಯ ಕೆಳಗಿನ ಕರಿಪಟ್ಟಿ

ದಸರಾ ರಜೆ ಮುಗಿದು ಶಾಲೆ ತೆರೆದ ದಿನ, ಒಂದನೇ ತರಗತಿಯ ಹುಡುಗಿಯೊಬ್ಬಳು ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ಕೂತಳು. ಅತ್ತಿತ್ತ ನೋಡಿ, ‘ನನ್ ಬೋರ್ಡ್ ಎಲ್ಲೋಯ್ತು ಸಾ?’ ಎಂದು ನನ್ನನ್ನೇ ಕೇಳಿದಳು. ಅವಳ ಬೋರ್ಡು ನಾವು ನಾಲ್ಕು ದಿನ ಬಳಿದ ಹಳದಿ ಬಣ್ಣದ ಅಡಿಯಲ್ಲಿತ್ತು.

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗುವ ದಾರಿಯಲ್ಲಿದೆ ನಾವು ಓದಿದ ಸರ್ಕಾರಿ ಶಾಲೆ. ಬೆಂಗಳೂರು, ಮೈಸೂರು ಸೇರಿದ್ದ ಹಳೇ ವಿದ್ಯಾರ್ಥಿಗಳು ಹದಿನಾಲ್ಕು ಜನ ಒಟ್ಟಾಗಿ ಹಣ ಹಾಕಿ, ನಾವೇ ಬ್ರಷ್ ಹಿಡಿದಿದ್ದೆವು. ತರಗತಿಯ ಗೋಡೆಗಳಲ್ಲಿ ನೆಲಕ್ಕೆ ಹತ್ತಿರವಾಗಿ ಸುತ್ತಲೂ ಮಾಸಿದ ಕರಿಪಟ್ಟಿಯಿತ್ತು. ಕೊಳೆ ಕಾಣದಿರಲೆಂದು ಬಳಿದ ಬಣ್ಣವಿರಬೇಕು ಅಂದುಕೊಂಡು ಅದನ್ನೂ ಮುಚ್ಚಿದೆವು.

ಅದು ನಲಿ-ಕಲಿ ಮಕ್ಕಳ ಕಪ್ಪುಹಲಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯವೆಲ್ಲ ಹರಡಿದ ಈ ಪದ್ಧತಿಯಲ್ಲಿ ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂತು, ಕಲಿಕಾ ಏಣಿ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಬರೆಯಲು ಪ್ರತಿ ಮಗುವಿಗೂ ಗೋಡೆಯಲ್ಲಿ ಅದರದೇ ಒಂದು ಜಾಗ. ನಾವು ಓದುವಾಗ ಇದು ಇರಲಿಲ್ಲ. ಈಗಿನ ಮೇಡಂ ಅವರನ್ನು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ನಾವು ನಮ್ಮ ನೆನಪಿನ ಶಾಲೆಗೆ ಬಣ್ಣ ಬಳಿದಿದ್ದೆವು. ಅಲ್ಲಿ ಕಲಿಯುತ್ತಿದ್ದವರು ಬೇರೆ ಮಕ್ಕಳು.

ಎರಡನೇ ತಪ್ಪು ತೋರಲು ತಿಂಗಳು ಹಿಡಿಯಿತು. ನಮ್ಮ ಸೀಮೆಗೆ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಊರಲ್ಲೇ ಉಳಿದು ಬಣ್ಣದ ಕೆಲಸ ಮಾಡುವ ನಮ್ಮ ಸಹಪಾಠಿ ಮೊದಲ ದಿನವೇ ಅಂದಿದ್ದ: ‘ಗೋಡೆ ಇನ್ನೂ ತ್ಯಾವ ಅದೆ ಕಣ್ರಪ್ಪ, ಈಗ ಬಳುದ್ರೆ ನಿಲ್ಲಕಿಲ್ಲ.’ ರಜೆ ಮುಗಿಯುತ್ತದೆಂಬ ಆತುರದಲ್ಲಿ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಬಣ್ಣ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಉದುರಿತು.

ಬೇಸಿಗೆ ರಜೆಯಲ್ಲಿ ಮತ್ತೆ ಹೋದೆವು. ಈ ಸಲ ಅವನೇ ಮೇಸ್ತ್ರಿ. ಒಡೆದ ಹೆಂಚು ಬದಲಿಸಿ, ನೀರು ಇಳಿಯುವುದನ್ನು ನಿಲ್ಲಿಸಿದ ಮೇಲೆಯೇ ಗೋಡೆ ಮುಟ್ಟಲು ಬಿಟ್ಟ. ರಾತ್ರಿ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬೆಳಿಗ್ಗೆ ಒಳಬದಿಯಲ್ಲಿ ಹನಿ ಕಟ್ಟಿದೆಯೇ ನೋಡುವುದನ್ನು ಕಲಿಸಿದ. ಅಂಗೈ ಉಜ್ಜಿದಾಗ ಹಳೇ ಸುಣ್ಣದ ಪುಡಿ ಹತ್ತಿದರೆ ಅದನ್ನೆಲ್ಲ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮೇಲಿನ ಎಮಲ್ಷನ್ ಹಿಡಿಯದು. ನಮ್ಮ ದಿನಗಳಲ್ಲಿ ಹೆಚ್ಚಿನವು ಕೆರೆಯುವುದರಲ್ಲೇ ಹೋದವು. ಅವು ಹಾಗೆ ಹೋಗಬೇಕಾದವೇ.

ಕೆರೆಯುವುದಕ್ಕೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಕಿಟಕಿ, ಬಾಗಿಲಿಗೆ ಬಳಿದ ಎನಾಮಲ್‌ನಲ್ಲಿ ಹೆಚ್ಚು ಸೀಸ ಇದ್ದಿರಬಹುದು. ಅದರ ಧೂಳು ಎಳೆಯ ಮಕ್ಕಳ ಮಿದುಳಿಗೆ ಕೆಡುಕು. ಆದ್ದರಿಂದ ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿದೆವು, ಮೂಗಿಗೆ ಮಾಸ್ಕ್ ಕಟ್ಟಿಕೊಂಡೆವು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಅಷ್ಟೂ ದಿನ ಮಕ್ಕಳನ್ನು ಹತ್ತಿರ ಬಿಡಲಿಲ್ಲ.

ಈ ಸಲ ಕೆಲಸಕ್ಕೆ ಮೊದಲು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನೂ ಮೇಡಂ ಅವರನ್ನೂ ಕೂರಿಸಿಕೊಂಡು, ಯಾವ ಗೋಡೆಯಲ್ಲಿ ಏನು ಇರಬೇಕೆಂದು ಬರೆದುಕೊಂಡಿದ್ದೆವು. ಉಳಿದ ಹಣವನ್ನು ಉದ್ಘಾಟನೆಯ ಶಾಮಿಯಾನಕ್ಕೆ ಸುರಿಯದೆ, ಮುಂದಿನ ಮಳೆಗಾಲದ ಹೆಂಚಿನ ದುರಸ್ತಿಗೆಂದು ಎತ್ತಿಟ್ಟೆವು.

ನಮ್ಮೂರಿನ ಋಣ ತೀರಿಸುತ್ತೇವೆಂದು ಹೊರಟವರು ನಾವು. ಕೊಡುವ ಕೈಗೆ ಪಡೆಯುವವರ ಬದುಕು ಗೊತ್ತಿರಬೇಕು ಎಂಬುದನ್ನು ಆ ಶಾಲೆ ನಮಗೆ ಎರಡನೇ ಸಲ ಕಲಿಸಿತು.

ಕೊನೆಯ ದಿನ, ಗೋಡೆಗಳೆಲ್ಲ ಒಣಗಿದ ಮೇಲೆ, ಆ ಹುಡುಗಿಯನ್ನು ಅವಳ ಅಜ್ಜಿ ಕರೆತಂದರು. ಗೋಡೆಯ ಮುಂದೆ ಕೂತು ಕೈ ಎಷ್ಟು ಮೇಲೆ ಹೋಗುತ್ತದೆ ತೋರಿಸವ್ವ ಅಂದೆವು. ಅವಳು ತೋಳು ಚಾಚಿ ಸೀಮೆಸುಣ್ಣದಲ್ಲಿ ಗೀಟು ಎಳೆದಳು. ಕರಿಪಟ್ಟಿಯನ್ನು ಆ ಗೀಟಿನವರೆಗೆ ಬಳಿದೆವು.